ಅಂಟಿದ ಬೆರಳಿಗೆ ತಾಯಿ ಕಾರ್ಡಿನಲ್ಲೊಂದು ದಿನಾಂಕ ಬೇಕು: ಶಿವಮೊಗ್ಗ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಶಿವಮೊಗ್ಗ ಜಿಲ್ಲೆ.

ಮಾನ್ಯರೆ,

ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಉಪಕೇಂದ್ರಗಳಲ್ಲಿ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಕೈಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಹುಟ್ಟುವ ಮಕ್ಕಳ ವಿಷಯವಾಗಿ ತಮಗೆ ಬರೆಯುತ್ತಿದ್ದೇನೆ. ಇದನ್ನೊಂದು ಮನವಿಯಾಗಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದು ಬರಬಹುದಿತ್ತು. ಆದರೆ ತಮ್ಮ ಜೊತೆಗೆ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು, ಅದಕ್ಕಿಂತ ಮುಖ್ಯವಾಗಿ ಮನೆಯಲ್ಲಿ ಅಂಥ ಮಗು ಇರುವ ಅಪ್ಪ ಅಮ್ಮ, ಅಜ್ಜ ಅಜ್ಜಿಯರು ಇದನ್ನು ಓದಬೇಕೆಂಬ ಆಸೆ ನನ್ನದು. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಕೇಳುವುದು ಒಂದೇ ಸಂಗತಿ. ಬೆರಳು ಕೂಡಿಕೊಂಡ ಮಗುವನ್ನು ಎತ್ತಿಕೊಂಡು ತಾಯಿ ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲೇ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರನ್ನು ಯಾವ ತಿಂಗಳಲ್ಲಿ, ಎಲ್ಲಿ ಕಾಣಬೇಕು ಎಂಬುದನ್ನು ಅವಳ ತಾಯಿ ಕಾರ್ಡಿನ ಮೇಲೆ ಬರೆದುಕೊಡಿ. ಬಾಯಿಮಾತು ಸಾಲದು.

ಬಾಯಿಮಾತಿನಲ್ಲಿ ಈಗ ಸಿಗುತ್ತಿರುವುದು "ದೊಡ್ಡಾಗ್ಲಿ, ಆಮೇಲೆ ನೋಡಾಣ" ಎಂಬ ಉತ್ತರ. ಹೇಳುವವರಿಗೆ ಕೆಟ್ಟ ಮನಸ್ಸೇನೂ ಇಲ್ಲ. ಹೆರಿಗೆ ವಾರ್ಡಿನಲ್ಲಿ ಉಸಿರಾಟದ ತೊಂದರೆಯ ಮಗು, ತೂಕ ಕಡಿಮೆಯ ಮಗು, ಕಾಮಾಲೆಯ ಮಗು ಇರುತ್ತವೆ. ಅವುಗಳ ನಡುವೆ ಹಾಲು ಕುಡಿದು ನಿದ್ದೆ ಮಾಡುವ ಮಗುವಿನ ಎರಡು ಬೆರಳು ಅಂಟಿಕೊಂಡಿರುವುದು ಅವಸರದ ವಿಷಯವೆನಿಸುವುದಿಲ್ಲ. ಅದು ಅವಸರದ ವಿಷಯ ಅಲ್ಲವೆಂಬುದೂ ನಿಜವೇ. ತೊಂದರೆ ಇರುವುದು "ದೊಡ್ಡಾಗ್ಲಿ" ಎಂಬ ಮಾತಿಗೆ ಅಳತೆ ಇಲ್ಲದಿರುವುದರಲ್ಲಿ. ಆರು ತಿಂಗಳೂ ದೊಡ್ಡದೇ, ಒಂದೂವರೆ ವರ್ಷವೂ ದೊಡ್ಡದೇ, ಶಾಲೆಗೆ ಸೇರಿಸುವ ವಯಸ್ಸೂ ದೊಡ್ಡದೇ. ಮನೆಯವರು ಕೊನೆಯದನ್ನೇ ಹಿಡಿದುಕೊಳ್ಳುತ್ತಾರೆ. ಎಳೆ ಮಗುವಿನ ಕೈಗೆ ಕತ್ತಿ ಹಾಕಿಸಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಶರಾವತಿ ಹಿನ್ನೀರಿನ ಕಡೆಯ ಒಬ್ಬ ಹುಡುಗಿಯನ್ನು ನಾನು ಮರೆತಿಲ್ಲ. ಬಲಗೈಯ ಉಂಗುರ ಬೆರಳು ಮತ್ತು ಕಿರುಬೆರಳು ತುದಿಯವರೆಗೂ ಕೂಡಿದ್ದವು. ಶಾಲೆಯ ಆರೋಗ್ಯ ತಪಾಸಣೆಯ ದಿನ ಅವಳ ಕೈ ಹಿಡಿದು ನೋಡಿದಾಗ ಉಂಗುರ ಬೆರಳು ನಡುಗಂಟಿನಲ್ಲಿ ಬಾಗಿ, ಕಿರುಬೆರಳಿನ ಕಡೆಗೆ ತಿರುಚಿಕೊಂಡಿತ್ತು. ಹುಟ್ಟಿದಾಗ ಎರಡೂ ನೆಟ್ಟಗೆ ಇದ್ದವೆಂದು ಅವಳಮ್ಮ ಹೇಳಿದರು. "ಶಾಲೆಗೆ ಸೇರ್ಸೋ ಹೊತ್ತಿಗೆ ಮಾಡ್ಸಿ ಅಂದಿದ್ರು ಸಿಸ್ಟರ್, ನಾವು ಹಂಗೇ ಕಾದ್ವಿ." ಅವರು ಹೇಳಿದಂತೆ ಕೇಳಿದ್ದರು, ಅಷ್ಟೇ. ಆಮೇಲೆ ಆಪರೇಷನ್ ಆಯಿತು, ಬೆರಳು ಬೇರೆಯಾದವು. ಆದರೆ ಬಾಗಿದ ಗಂಟು ಪೂರ್ತಿ ನೆಟ್ಟಗಾಗಲಿಲ್ಲ. ಮೂಳೆ, ಕೀಲು, ಸ್ನಾಯುರಜ್ಜು ಎಲ್ಲವೂ ಅಷ್ಟು ವರ್ಷ ಅದೇ ಬಾಗಿನಲ್ಲಿ ಬೆಳೆದಿದ್ದವು.

ಯಾವ ಬೆರಳು ಯಾವುದಕ್ಕೆ ಅಂಟಿದೆ ಎಂಬುದರ ಮೇಲೆ ಆಪರೇಷನ್ನಿನ ಹೊತ್ತು ನಿಂತಿದೆ. ಕೈಶಸ್ತ್ರಚಿಕಿತ್ಸೆ ಬಲ್ಲವರಿಗೆ ಇದು ಪಾಠದ ಮೊದಲ ಪುಟ. ನಮ್ಮ ಉಪಕೇಂದ್ರಗಳಿಗೆ, ಹೆರಿಗೆ ವಾರ್ಡುಗಳಿಗೆ ಅದು ಇಳಿದು ಬಂದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳು ಕೂಡಿದ್ದರೆ, ಅಥವಾ ಉಂಗುರ ಬೆರಳು ಮತ್ತು ಕಿರುಬೆರಳು ಕೂಡಿದ್ದರೆ, ಮಗುವಿಗೆ ಆರು ತಿಂಗಳಾದ ಮೇಲೆ, ವರ್ಷ ತುಂಬುವುದರೊಳಗೆ ಬಿಡಿಸಬೇಕು. ಈ ಜೋಡಿಗಳ ಉದ್ದ ಸಮವಲ್ಲ. ಕಿರುಬೆರಳು ಉಂಗುರ ಬೆರಳಿನ ಕೊನೆಯ ಗಂಟಿನ ಹತ್ತಿರಕ್ಕೆ ಮುಗಿದುಹೋಗುತ್ತದೆ. ಉದ್ದದ ಬೆರಳು ಬೆಳೆಯಲು ಹೋದಂತೆಲ್ಲ ಗಿಡ್ಡದ್ದು ಅದನ್ನು ಹಿಡಿದೆಳೆಯುತ್ತದೆ, ಉದ್ದದ್ದು ಬಾಗುತ್ತದೆ. ಮೊದಲ ವರ್ಷ ಮಗುವಿನ ಕೈ ಬೇಗ ಬೇಗ ಬೆಳೆಯುವುದರಿಂದ ಬಾಗುವುದೂ ಬೇಗ. ನಡುಬೆರಳು ಮತ್ತು ಉಂಗುರ ಬೆರಳು ಕೂಡಿದ್ದರೆ ಇಷ್ಟು ಆತುರವಿಲ್ಲ. ಎರಡರ ಉದ್ದ ಹೆಚ್ಚುಕಡಿಮೆ ಒಂದೇ, ಗಂಟುಗಳೂ ಹತ್ತಿರ ಹತ್ತಿರ ಒಂದೇ ಮಟ್ಟದಲ್ಲಿ ಇರುತ್ತವೆ. ಇವನ್ನು ಒಂದರಿಂದ ಒಂದೂವರೆ ವರ್ಷದ ಸುಮಾರಿಗೆ, ಅಂತೂ ಎರಡು ವರ್ಷದೊಳಗೆ ಬಿಡಿಸಿದರೆ ಚೆನ್ನ. ಅಂಟಿದ ಬೆರಳುಗಳಲ್ಲಿ ಸುಮಾರು ಅರ್ಧದಷ್ಟು ಈ ಜೋಡಿಯೇ. ಹೆಬ್ಬೆರಳಿನದು ಅಪರೂಪ, ನೂರರಲ್ಲಿ ಐದರಷ್ಟು. ಆದರೆ ಅದೇ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು.

ಮಗು ಬೆಳೆಯುವುದನ್ನು ನೋಡಿದವರಿಗೆ ಇದರ ಕಾರಣ ವಿವರಿಸಬೇಕಿಲ್ಲ. ನಾಲ್ಕೈದು ತಿಂಗಳಿಗೆ ಕೈಚಾಚುತ್ತದೆ, ಆರು ತಿಂಗಳ ಹೊತ್ತಿಗೆ ಗಿಲಕಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತದೆ. ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಹೆಬ್ಬೆರಳು ತೋರುಬೆರಳಿನ ತುದಿ ಸೇರಿಸಿ ನೆಲದ ಮೇಲೆ ಬಿದ್ದ ಮಂಡಕ್ಕಿ ಕಾಳನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತದೆ. ಆ ಚಿವುಟು ಹಿಡಿತ ಮೂಡುವ ಹೊತ್ತಿಗೆ ಹೆಬ್ಬೆರಳು ಬಿಡಿಯಾಗಿರಬೇಕು. ಇಲ್ಲದಿದ್ದರೆ ಮಗು ಬೇರೆ ದಾರಿ ಹುಡುಕಿಕೊಳ್ಳುತ್ತದೆ, ಎರಡು ಅಂಗೈಗಳ ನಡುವೆಯೋ ಬೇರೆ ಬೆರಳುಗಳ ಸಂದಿಯಲ್ಲೋ ಹಿಡಿಯಲು ಕಲಿಯುತ್ತದೆ. ಹಾಗೆ ಕಲಿತದ್ದನ್ನು ಆಮೇಲೆ ಬಿಡಿಸುವುದು ಕಷ್ಟ. ಅಡಿಕೆ ಸುಲಿಯುವುದು, ಸಸಿ ನೆಡುವುದು, ಸಾಗರ ಸೊರಬದ ಗುಡಿಗಾರರ ಗಂಧದ ಕೆತ್ತನೆ, ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ, ಎಲ್ಲವೂ ಬೆರಳ ತುದಿಯಲ್ಲಿ ನಡೆಯುವ ಜಿಲ್ಲೆ ನಮ್ಮದು.

ಇನ್ನೊಂದು ತುದಿಯ ಅವಸರದ ಬಗ್ಗೆಯೂ ಹೇಳಬೇಕು. ಹುಟ್ಟಿದ ವಾರದಲ್ಲೇ "ಬರೀ ಚರ್ಮ ತಾನೇ, ಕತ್ತರಿಸಿಬಿಡಿ" ಎನ್ನುವ ಹಿರಿಯರಿದ್ದಾರೆ. ಹೆಚ್ಚುವರಿ ಬೆರಳಿಗೆ ನೂಲು ಬಿಗಿಯುವ ಹಳೆಯ ರೂಢಿಯಂತೆಯೇ ಇದೂ ಅಪಾಯದ್ದು. ತೆಳು ಚರ್ಮವನ್ನು ಬ್ಲೇಡಿನಿಂದ ನೇರವಾಗಿ ಸೀಳಿಸಿದ ಒಂದು ಕೈಯನ್ನು ನಾನು ಕಂಡಿದ್ದೇನೆ. ಗಾಯ ಮಾಯುವಾಗ ಬುಡದಿಂದ ಮತ್ತೆ ಕೂಡಿಕೊಂಡು ಬಂದಿತ್ತು, ಉದ್ದಕ್ಕೂ ಗಟ್ಟಿ ಕಲೆ ಎದ್ದು ಬೆರಳನ್ನು ಅಂಗೈ ಕಡೆಗೆ ಎಳೆದಿತ್ತು. ನೇರ ಗಾಯದ ಕಲೆ ಮಾಯುತ್ತಾ ಕುಗ್ಗುತ್ತದೆ, ಅದರ ಜೊತೆ ಬೆರಳೂ ಬಾಗುತ್ತದೆ. ಅದಕ್ಕೇ ಶಸ್ತ್ರಚಿಕಿತ್ಸಕರು ಅಂಕುಡೊಂಕಾಗಿ ಗೀರು ಹಾಕುತ್ತಾರೆ, ಬೆರಳ ಸಂದಿಯ ತಳಕ್ಕೆ ಕೈಯ ಮೇಲ್ಭಾಗದ ಒಳ್ಳೆಯ ಚರ್ಮವನ್ನೇ ಮಡಿಸಿ ತಂದು ಕೂರಿಸುತ್ತಾರೆ.

ಅಷ್ಟಾದರೂ ಚರ್ಮ ಸಾಲುವುದಿಲ್ಲ. ಎರಡು ಕಡುಬನ್ನು ಒಟ್ಟಿಗೆ ಸುತ್ತಲು ಸಾಕಾದ ಬಾಳೆಲೆಯಲ್ಲಿ ಅವೇ ಎರಡನ್ನು ಬೇರೆ ಬೇರೆ ಸುತ್ತಲು ಹೋದರೆ ಎಲೆ ಸಾಲದಲ್ಲ, ಹಾಗೆ. ಬಿಡಿಸಿದ ಎರಡು ಬೆರಳಿನ ಸುತ್ತಳತೆ ಕೂಡಿದ್ದಾಗಿನದಕ್ಕಿಂತ ಐದನೇ ಒಂದು ಪಾಲಿನಷ್ಟು ಹೆಚ್ಚು. ಕಡಿಮೆ ಬಿದ್ದ ಜಾಗಕ್ಕೆ ಸಾಮಾನ್ಯವಾಗಿ ತೊಡೆಸಂದಿಯ ಕಡೆಯಿಂದಲೋ ಕಿಬ್ಬೊಟ್ಟೆಯಿಂದಲೋ ಚರ್ಮ ತೆಗೆದು ಕಸಿ ಮಾಡುತ್ತಾರೆ. ಕಸಿ ಮಾಡಿದ ತುಂಡು ಸುತ್ತಲಿನ ಚರ್ಮಕ್ಕಿಂತ ತುಸು ಕಪ್ಪಾಗಿ ಕಾಣುವುದುಂಟು, ಅದನ್ನು ಕಂಡು ಗಾಬರಿಯಾಗಬೇಡಿ ಎಂದು ತಾಯಂದಿರಿಗೆ ಮೊದಲೇ ಹೇಳಿರಬೇಕು. ಮೊಣಕೈ ಮೇಲಿನವರೆಗೆ ಪಟ್ಟಿ ಹಾಕಿ ಎರಡು ಮೂರು ವಾರ ಬಿಡುತ್ತಾರೆ. ಕಸಿ ಹಿಡಿಯುವವರೆಗೆ ಅದು ನೆನೆಯಬಾರದು, ಅಲ್ಲಾಡಬಾರದು. ತಿಂಗಳು ತುಂಬದ ಕೂಸಿನ ಕೈಯಲ್ಲಿ ಇಷ್ಟು ಸೂಕ್ಷ್ಮ ಕೆಲಸ ಮಾಡುವುದು ಕಷ್ಟ, ಅರಿವಳಿಕೆಯ ಅಪಾಯವೂ ಎಳೆಯ ಕೂಸಿಗೆ ಹೆಚ್ಚು. ತೀರಾ ಬೇಗ ಮಾಡಿದರೆ, ಬೆರಳ ಸಂದಿ ಮಗು ಬೆಳೆದಂತೆ ಮತ್ತೆ ಮುಂದಕ್ಕೆ ತೆವಳಿ ಬರುವ ಸಂಭವವೂ ಜಾಸ್ತಿ. ಬಾಗಿಸುವ ಜೋಡಿಗಳನ್ನು ಬೇಗ, ಸಮನಾದ ಜೋಡಿಯನ್ನು ಸ್ವಲ್ಪ ತಡೆದು ಮಾಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಮೂರು ನಾಲ್ಕು ಬೆರಳು ಒಟ್ಟಿಗೆ ಕೂಡಿದ್ದರೆ ಲೆಕ್ಕ ಮತ್ತೂ ಮೊದಲೇ ಶುರುವಾಗಬೇಕು. ಒಂದು ಬೆರಳಿನ ಎರಡೂ ಪಕ್ಕವನ್ನು ಒಂದೇ ಸಲ ಬಿಡಿಸಿದರೆ ಅದಕ್ಕೆ ರಕ್ತ ಹೋಗುವ ದಾರಿಯೇ ಕಡಿದುಹೋಗಬಹುದು. ಅದಕ್ಕಾಗಿ ಒಂದು ಪಕ್ಕ ಬಿಡಿಸಿ, ಕೆಲವು ತಿಂಗಳು, ಮೂರರಿಂದ ಆರು ಎನ್ನಿ, ಕಾದು ಇನ್ನೊಂದು ಪಕ್ಕ ಬಿಡಿಸುತ್ತಾರೆ. ಎರಡು ಸಲ, ಮೂರು ಸಲ ಮೇಜಿನ ಮೇಲೆ ಮಲಗಬೇಕಾದ ಮಗು ಮೊದಲ ಸಲಕ್ಕೇ ಮೂರು ವರ್ಷದ್ದಾಗಿ ಬಂದರೆ, ಎಲ್ಲ ಮುಗಿಯುವಷ್ಟರಲ್ಲಿ ಶಾಲೆಯ ಬೆಂಚಿನ ಮೇಲೆ ಕೂತಿರುತ್ತದೆ. ಇನ್ನೊಂದು ಅನುಭವದ ಮಾತು: ಎರಡೂ ಕೈಯಲ್ಲಿ ತೊಂದರೆ ಇದ್ದು, ಮಗು ಇನ್ನೂ ಓಡಾಟ ಕಲಿತಿಲ್ಲವಾದರೆ, ಎರಡೂ ಕೈಯನ್ನು ಒಂದೇ ಅರಿವಳಿಕೆಯಲ್ಲಿ ಮುಗಿಸಲು ವೈದ್ಯರು ಒಪ್ಪುವುದುಂಟು. ಓಡಾಡುವ ಮಗುವಿನ ಎರಡೂ ಕೈಗೆ ಪಟ್ಟಿ ಹಾಕಿ ಮನೆಯಲ್ಲಿ ಹಿಡಿದಿಡುವುದು ಯಾವ ತಾಯಿಗೂ ಆಗದ ಕೆಲಸ.

ಅರಿವಳಿಕೆಯ ಹೆದರಿಕೆ ಈಚೆಗೆ ಹೆಚ್ಚಾಗಿದೆ. ಮೊಬೈಲಿನಲ್ಲಿ ಒಂದು ಸುದ್ದಿ ತಿರುಗುತ್ತದೆ, ಸಣ್ಣ ಮಕ್ಕಳಿಗೆ ಅರಿವಳಿಕೆ ಕೊಟ್ಟರೆ ಮಿದುಳು ಮಂಕಾಗುತ್ತದಂತೆ. ಅದರ ಬೇರು 2016ರಲ್ಲಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಆ ವರ್ಷ ಒಂದು ಎಚ್ಚರಿಕೆ ಕೊಟ್ಟಿದ್ದು ನಿಜ. ಅದು ಹೇಳಿದ್ದು 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆಗೂ ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ಬಗ್ಗೆ. ಆಮೇಲೆ ಹಲವು ದೇಶಗಳ ಆಸ್ಪತ್ರೆಗಳು ಸೇರಿ, ಹಸುಗೂಸಾಗಿದ್ದಾಗ ಒಂದು ಗಂಟೆಯೊಳಗಿನ ಅರಿವಳಿಕೆ ಪಡೆದ ಮಕ್ಕಳನ್ನು ಐದು ವರ್ಷದವರೆಗೆ ಗಮನಿಸಿದವು. ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2019ರಲ್ಲಿ ಪ್ರಕಟಿಸಿದವು. ಬೆರಳು ಬಿಡಿಸುವ ಕೆಲಸ ಕೆಲವೊಮ್ಮೆ ಗಂಟೆ ಮೀರುತ್ತದೆ, ಅದನ್ನು ಮುಚ್ಚಿಡಬಾರದು. ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಸಲ ಬೇಕು ಎಂದು ತಂದೆತಾಯಿ ಕೇಳಲಿ, ವೈದ್ಯರು ಕೂತು ಹೇಳಲಿ. ಈ ಮಾತುಕತೆಗೂ ಸಮಯ ಬೇಕು. ಅದಕ್ಕಾಗಿಯಾದರೂ ಮಗುವಿಗೆ ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ಮೊದಲ ಭೇಟಿ ಮುಗಿದಿರಬೇಕು.

ಕೆಲವು ಮಕ್ಕಳು ಅಷ್ಟೂ ಕಾಯುವಂತಿಲ್ಲ. ಎಲ್ಲ ಬೆರಳೂ ಒಂದೇ ಮುದ್ದೆಯಾಗಿ ಕೂಡಿ, ತಲೆಬುರುಡೆಯ ಆಕಾರವೂ ಬೇರೆಯಾಗಿ ಕಂಡರೆ, ಬುರುಡೆಯ ಮೂಳೆಗಳು ಬೇಗ ಬೆಸೆದುಕೊಂಡಿರಬಹುದು, ಮಿದುಳಿನ ಮೇಲೆ ಒತ್ತಡ ಬೀಳಬಹುದು. ಬೆರಳು ಕೂಡಿದ ಕೈಯ ಪಕ್ಕದಲ್ಲೇ ಎದೆ ಚಪ್ಪಟೆಯಾಗಿದ್ದರೆ ಅಲ್ಲಿಯ ಸ್ನಾಯು ಹುಟ್ಟಿನಿಂದಲೇ ಇಲ್ಲದಿರಬಹುದು. ಬೆರಳಿಗೋ ಕೈಗೋ ದಾರ ಬಿಗಿದಂತೆ ಉಂಗುರದ ಗುರುತು ಇದ್ದು ತುದಿ ಊದಿಕೊಂಡಿದ್ದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಮಗುವಿನ ಬಟ್ಟೆ ಬಿಚ್ಚಿ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರೆ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಹಾಗೆಯೇ, ಕಾಲಿನ ಎರಡನೆಯ ಮೂರನೆಯ ಬೆರಳು ಮಾತ್ರ ಸ್ವಲ್ಪ ಕೂಡಿದ್ದರೆ ನಡಿಗೆಗೆ ಯಾವ ಅಡ್ಡಿಯೂ ಇಲ್ಲ, ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಅದನ್ನೂ ತಾಯಿಗೆ ಹೇಳಿ ಕಳಿಸಿದರೆ ಒಂದು ಮನೆಯ ನಿದ್ದೆ ಉಳಿಯುತ್ತದೆ.

ಇನ್ನು ತಾಯಿಯ ಮೇಲೆ ಹೊರಿಸುವ ಅಪವಾದ. ಇದನ್ನು ಬರೆಯುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಏಳು ತಿಂಗಳ ಬಸುರಿಯಾಗಿದ್ದ ಒಬ್ಬಳು ಅಡುಗೆಮನೆಯಲ್ಲಿ ಈಳಿಗೆಮಣೆ ಮುಟ್ಟಿದಳಂತೆ, ಅದಕ್ಕೇ ಮಗುವಿನ ಬೆರಳು ಹೀಗಾಯಿತಂತೆ. ಬಾಣಂತಿಗೆ ಅನ್ನದ ತಟ್ಟೆಯ ಜೊತೆಗೇ ಈ ಮಾತನ್ನೂ ಬಡಿಸುತ್ತಿದ್ದರು. ಬಸಿರಿನ ಆರರಿಂದ ಎಂಟನೇ ವಾರದೊಳಗೆ ಅಂಗೈಯ ಪುಟ್ಟ ತಟ್ಟೆಯಿಂದ ಬೆರಳುಗಳು ಮೂಡುತ್ತವೆ. ಮೊದಲು ಅವುಗಳ ನಡುವೆ ತೆಳುವಾದ ಅಂಗಾಂಶ ಇರುತ್ತದೆ, ಅಲ್ಲಿಯ ಜೀವಕೋಶಗಳು ತಾವಾಗಿಯೇ ಸತ್ತು, ತುದಿಯಿಂದ ಬುಡದ ಕಡೆಗೆ ಸಂದಿ ಬಿಡುತ್ತದೆ. ಎಲ್ಲೋ ಒಂದು ಕಡೆ ಆ ಕೆಲಸ ಅರ್ಧಕ್ಕೆ ನಿಂತರೆ ಬೆರಳು ಕೂಡಿಯೇ ಉಳಿಯುತ್ತದೆ. ಎಷ್ಟೋ ಹೆಂಗಸರಿಗೆ ಮುಟ್ಟು ನಿಂತದ್ದು ಬಸಿರಿಗೋ ಅಲ್ಲವೋ ಎಂದು ಖಾತ್ರಿಯಾಗುವ ಹೊತ್ತಿಗೇ ಇದೆಲ್ಲ ಆಗಿಹೋಗಿರುತ್ತದೆ. ಏಳನೇ ತಿಂಗಳಲ್ಲಿ ಬಂದ ಗ್ರಹಣಕ್ಕೆ ಎಂಟನೇ ವಾರದಲ್ಲಿ ಮುಗಿದ ಬೆರಳನ್ನು ಅಂಟಿಸಲು ಆಗುವುದಿಲ್ಲ. ಕೆಲವು ಮನೆತನಗಳಲ್ಲಿ ಇದು ವಂಶದಲ್ಲಿ ಹರಿದು ಬರುತ್ತದೆ. ತಂದೆಗೋ ತಾಯಿಗೋ ಇದ್ದು ಮಗುವಿಗೂ ಬರುವುದುಂಟು. ಬಹಳಷ್ಟು ಮಕ್ಕಳಲ್ಲಿ ಮನೆಯಲ್ಲಿ ಹಿಂದೆ ಯಾರಿಗೂ ಇಲ್ಲದೆಯೇ ಬರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಅಪವಾದಕ್ಕೆ ಹೆದರಿ ತಾಯಿ ಮಗುವಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೂತರೆ ಆಶಾ ಬಂದರೂ ಕಾಣುವುದಿಲ್ಲ, ಹೊತ್ತು ಮೀರುತ್ತದೆ. ಚಿಕಿತ್ಸೆ ತಡವಾಗುವ ಕಾರಣಗಳಲ್ಲಿ ಇದೂ ಒಂದೆಂದು ನಾನು ಖಂಡಿತವಾಗಿ ಹೇಳಬಲ್ಲೆ.

ಮಲೆನಾಡಿನ ವರ್ಷಚಕ್ರವೂ ತಡಮಾಡಿಸುತ್ತದೆ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್ ಕಡೆ ಹೊದ್ದ ಕಂಬಳಿಯೇ ಒಣಗುವುದಿಲ್ಲ, ಕೈಯ ಪಟ್ಟಿ ಒಣಗಿರುವುದೆಂತು ಎಂದು ಮನೆಯವರು ಕೇಳಿದರೆ ಅದರಲ್ಲಿ ನ್ಯಾಯವಿದೆ. ಮಳೆ ಮುಗಿಯಿತು ಅನ್ನುವಾಗ ಕೊಯ್ಲು, ಅಡಿಕೆ ಸುಲಿತ, ಬೇಯಿಸುವುದು, ಒಣಗಿಸುವುದು. ಅದು ಮುಗಿದರೆ ಮದುವೆ ಮುಂಜಿ, ಜಾತ್ರೆ. ಮತ್ತೆ ಮಳೆ. ಕಾರ್ಡಿನಲ್ಲಿ ತಿಂಗಳು ಬರೆದಿದ್ದರೆ ಮನೆಯವರು ಅದಕ್ಕೆ ತಕ್ಕಂತೆ ಕೆಲಸ ಹೊಂದಿಸಿಕೊಳ್ಳುತ್ತಾರೆ. ಜೂನಿನಲ್ಲಿ ಆರು ತಿಂಗಳು ತುಂಬುವ ಮಗುವಿಗೆ ಅಕ್ಟೋಬರ್ ಕೊನೆಗೆ ಆಪರೇಷನ್ ಇಟ್ಟುಕೊಂಡರೂ ವರ್ಷದೊಳಗೇ ಆಯಿತು. ದಿನಾಂಕವೇ ಇಲ್ಲದಿದ್ದರೆ ಪ್ರತಿ ಸಲವೂ "ಮುಂದಿನ ಬೇಸಿಗೆ".

ಈಗ ಇಲಾಖೆಯ ಮಾತಿಗೆ ಬರುತ್ತೇನೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದಾಗ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕಬೇಕಾದ 30 ಆರೋಗ್ಯ ಸಮಸ್ಯೆಗಳ ಪಟ್ಟಿ ಬಂತು. ಅದರಲ್ಲಿ ಹುಟ್ಟಿನಿಂದ ಬರುವ ದೋಷಗಳು 9. ಸೀಳುತುಟಿ ಇದೆ, ತಿರುಚಿದ ಪಾದ ಇದೆ, ಸೊಂಟದ ಕೀಲು, ಹೃದಯ, ಕಣ್ಣಿನ ಪೊರೆ, ಕಿವುಡು ಇವೆ. ಕೂಡಿದ ಬೆರಳು ಇಲ್ಲ. ಪಟ್ಟಿಯಲ್ಲಿದ್ದ ಸೀಳುತುಟಿ ಮತ್ತು ತಿರುಚಿದ ಪಾದಕ್ಕೆ ಏನಾಯಿತೆಂದು ನಾನೇ ನೋಡಿದ್ದೇನೆ. ನಮೂನೆಯಲ್ಲೊಂದು ಚೌಕ ಇದ್ದದ್ದರಿಂದ ಅದಕ್ಕೆ ಗುರುತು ಬಿತ್ತು, ಗುರುತು ಬಿದ್ದದ್ದರಿಂದ, ಇಂಥ ಮಕ್ಕಳಿಗೆ ಮುಂದಿನ ಚಿಕಿತ್ಸೆ ಗೊತ್ತುಮಾಡುವ ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಹೆಸರು ಹೋಯಿತು, ಫೋನ್ ಬಂತು, ಮಕ್ಕಳು ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಪಡೆದರು. ಚೌಕ ಇಲ್ಲದ ಬೆರಳಿನ ಮಗು ಅದೇ ತಪಾಸಣೆಯ ಸಾಲಿನಲ್ಲಿ ನಿಂತು, ತೂಕ ಎತ್ತರ ಅಳೆಸಿಕೊಂಡು ಹಿಂತಿರುಗಿತು. ಪಟ್ಟಿ ಕಲ್ಲಿನಲ್ಲಿ ಕೆತ್ತಿದ್ದೂ ಅಲ್ಲ. ಸಿಕಲ್ ಸೆಲ್, ಥಲಸ್ಸೇಮಿಯಾ, ಥೈರಾಯ್ಡ್ ಕೊರತೆಗಳನ್ನು ರಾಜ್ಯಗಳು ತಮ್ಮ ಪರಿಸ್ಥಿತಿ ನೋಡಿ ಸೇರಿಸಿಕೊಳ್ಳಬಹುದೆಂದು ಆ ಮಾರ್ಗಸೂಚಿಯೇ ಹೇಳಿತ್ತು. ರಾಜ್ಯದ ಪಟ್ಟಿ ತಿದ್ದಲು ತಾವು ಬೆಂಗಳೂರಿಗೆ ಬರೆಯಬೇಕಾದೀತು, ದಯವಿಟ್ಟು ಬರೆಯಿರಿ. ಅಲ್ಲಿಯವರೆಗೆ ಜಿಲ್ಲೆಯ ಮಟ್ಟದಲ್ಲಿ ಒಂದು ಸುತ್ತೋಲೆ ಸಾಕು.

ಹೊರೆ ಎಷ್ಟೆಂದು ನಾನೇ ಲೆಕ್ಕ ಹಾಕಿ ನೋಡಿದೆ. ಎರಡರಿಂದ ಮೂರು ಸಾವಿರ ಹೆರಿಗೆಗೆ ಒಂದು ಮಗು ಹೀಗೆ ಹುಟ್ಟುತ್ತದೆ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನಸಂಖ್ಯೆ ಹದಿನೇಳೂವರೆ ಲಕ್ಷ. ಸಾವಿರ ಜನಕ್ಕೆ ವರ್ಷಕ್ಕೆ ಹದಿನಾರರ ಸುಮಾರು ಹೆರಿಗೆ ಎಂದು ಹಿಡಿದರೆ ಇಪ್ಪತ್ತೆಂಟು ಸಾವಿರ. ಏಳೂ ತಾಲ್ಲೂಕು ಸೇರಿ ವರ್ಷಕ್ಕೆ ಹತ್ತು ಹನ್ನೆರಡು ಮಕ್ಕಳು. ಒಂದು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹಿಡಿಸುವ ಹೆಸರುಗಳು. ಇಷ್ಟು ಮಕ್ಕಳಲ್ಲಿ ಒಬ್ಬರನ್ನೂ ಕಳೆದುಕೊಳ್ಳದೆ ಹಿಂಬಾಲಿಸುವುದು ನಮ್ಮ ಜಿಲ್ಲೆಗೆ ಆಗದ ಕೆಲಸವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡಂದಿನಿಂದ ಇಲ್ಲಿಯ ಆರೋಗ್ಯ ಸಿಬ್ಬಂದಿ ಸತ್ತ ಮಂಗದ ಸುದ್ದಿ ಬಂದ ಕಡೆಗೆಲ್ಲ ಕಾಡು ಹತ್ತಿ ಇಳಿದವರು.

ಹೊಸ ಹುದ್ದೆ, ಹೊಸ ಭೇಟಿ ಯಾವುದೂ ಬೇಡ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಮನೆಗೆ ಹೋಗುತ್ತಾಳೆ. ಆಮೇಲೆ 3, 6, 9, 12, 15ನೇ ತಿಂಗಳ ಭೇಟಿಗಳಿವೆ. ಈ ತಿಂಗಳುಗಳನ್ನು ಬೆರಳು ಬಿಡಿಸುವ ಹೊತ್ತಿನ ಪಕ್ಕದಲ್ಲಿ ಇಟ್ಟು ನೋಡಿ, ಬೇಕಾದದ್ದೆಲ್ಲ ಅಲ್ಲೇ ಇದೆ. 3ನೇ ತಿಂಗಳಲ್ಲಿ "ವೈದ್ಯರಿಗೆ ತೋರಿಸಿದಿರಾ" ಎಂದು ಕೇಳಬೇಕು. ಹೆಬ್ಬೆರಳು ಅಥವಾ ಕಿರುಬೆರಳಿನ ಜೋಡಿಯಾದರೆ 6ನೇ ತಿಂಗಳಲ್ಲಿ "ಆಪರೇಷನ್ ದಿನ ಗೊತ್ತಾಯಿತಾ" ಎಂದು ಕೇಳಬೇಕು. ನಡುವಿನ ಜೋಡಿಯಾದರೆ 12ನೇ ತಿಂಗಳಲ್ಲಿ ಅದೇ ಪ್ರಶ್ನೆ. ಆಕೆಯ ಪುಸ್ತಕದಲ್ಲಿ ಈ ಪ್ರಶ್ನೆಗಳನ್ನು ಸೇರಿಸಿಕೊಡಿ, ಮಿಕ್ಕದ್ದನ್ನು ಆಕೆ ಮಾಡುತ್ತಾಳೆ. ಅವಳ ಮೇಲೆ ಈಗಾಗಲೇ ಎಷ್ಟು ಕೆಲಸ ಇದೆಯೆಂದು ನನಗೆ ಗೊತ್ತು. ಜಿಲ್ಲೆಗೆಲ್ಲ ಹತ್ತು ಹನ್ನೆರಡೇ ಮಕ್ಕಳಾದ್ದರಿಂದ ಹೆಚ್ಚಿನ ಆಶಾಗಳಿಗೆ ಇಡೀ ಸೇವಾವಧಿಯಲ್ಲಿ ಇಂಥ ಒಂದು ಮಗು ಸಿಕ್ಕರೆ ಹೆಚ್ಚು.

ಎಲ್ಲಿ ತೋರಿಸಬೇಕು ಎಂಬುದನ್ನು ತಾವು ಗೊತ್ತುಮಾಡಬೇಕು. ಮಕ್ಕಳ ಕೈ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಕರೆಸಿ, ಆ ದಿನವನ್ನು ಮೊದಲೇ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ತಿಳಿಸಿದರೆ, ನಿಟ್ಟೂರಿನಿಂದಲೋ ತುಮರಿಯಿಂದಲೋ ಕೂಸನ್ನು ಕಟ್ಟಿಕೊಂಡು ಬರುವ ತಾಯಿ ವೈದ್ಯರಿಲ್ಲದ ದಿನ ಬಂದು ವಾಪಸಾಗುವುದು ತಪ್ಪುತ್ತದೆ. ಆಪರೇಷನ್ ಹೊರಗಿನ ಆಸ್ಪತ್ರೆಯಲ್ಲಿ ಆಗಬೇಕಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಶಿಫಾರಸು ಪತ್ರ ಅದೇ ದಿನ ಕೈಗೆ ಸಿಗಲಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಆದರೆ ಯಾವ ಕಾಗದ, ಯಾರ ಸಹಿ, ಯಾವ ಆಸ್ಪತ್ರೆ ಎಂದು ಗೊತ್ತಾಗದೆ ಜನ ದಲ್ಲಾಳಿಗಳ ಮಾತು ಕೇಳಿ ಸಾಲ ಮಾಡುತ್ತಾರೆ. ಈ ಕೆಲಸಕ್ಕೆ ಯೋಜನೆಯಡಿ ಯಾವ ಯಾವ ಆಸ್ಪತ್ರೆ ಒಪ್ಪುತ್ತದೆ ಎಂಬ ಪಟ್ಟಿಯನ್ನು ಪ್ರತಿ ಹೆರಿಗೆ ವಾರ್ಡಿನ ಗೋಡೆಗೆ ಅಂಟಿಸಿ.

ಆಪರೇಷನ್ ಆದ ಮಗುವಿನ ಹೆಸರನ್ನೂ ಪುಸ್ತಕದಿಂದ ತೆಗೆಯಬೇಡಿ. ಪಟ್ಟಿ ಬಿಚ್ಚಿದ ಮೇಲೆ ಕಲೆಗೆ ಎಣ್ಣೆ ಹಚ್ಚಿ ತೀಡುವುದು, ಬೆರಳು ಆಡಿಸುವುದು ತಿಂಗಳುಗಟ್ಟಲೆ ನಡೆಯಬೇಕು. ಕೈ ಬೆಳೆದು ಮುಗಿಯುವವರೆಗೂ ಬೆರಳ ಸಂದಿ ಮುಂದಕ್ಕೆ ಬರುತ್ತಿದೆಯೇ, ಬೆರಳು ಬಾಗುತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಕೆಲವರಿಗೆ ದೊಡ್ಡವರಾಗುವಷ್ಟರಲ್ಲಿ ಇನ್ನೊಂದು ಸಣ್ಣ ಆಪರೇಷನ್ ಬೇಕಾಗುತ್ತದೆ. ಶಾಲಾ ತಪಾಸಣೆಯ ತಂಡ ವರ್ಷಕ್ಕೊಮ್ಮೆ ಹೇಗೂ ಬರುತ್ತದೆ, ಆ ಕೈಯನ್ನೂ ಒಮ್ಮೆ ಹಿಡಿದು ನೋಡಲಿ.

ಇದನ್ನು ಓದುತ್ತಿರುವ, ಈಗಾಗಲೇ ನಾಲ್ಕೈದು ವರ್ಷದ ಮಗು ಮನೆಯಲ್ಲಿರುವ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಮಾತು. ಹೊತ್ತು ಮೀರಿತೆಂದು ಕೈಚೆಲ್ಲಬೇಡಿ. ದೊಡ್ಡವರಿಗೂ ಬೆರಳು ಬಿಡಿಸುತ್ತಾರೆ. ಬೆರಳು ಬಾಗಿಲ್ಲದಿದ್ದರೆ ಫಲ ಈಗಲೂ ಚೆನ್ನಾಗಿಯೇ ಇರುತ್ತದೆ, ಬಾಗಿದ್ದರೂ ಎಷ್ಟು ಸಾಧ್ಯವೋ ಅಷ್ಟು ಸರಿಯಾಗುತ್ತದೆ. ಮುಂದಿನ ಬೇಸಿಗೆಗೆ ಎನ್ನದೆ ಈ ತಿಂಗಳೇ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೈ ತೋರಿಸಿ, ಶಿಫಾರಸು ಪತ್ರ ಬರೆಸಿಕೊಳ್ಳಿ. ಆರು ತಿಂಗಳ ಕೂಸಿನ ತಾಯಿಯರೇ, ಮನೆಯ ಹಿರಿಯರು ಬೇಡವೆಂದರೆ ಈ ಪತ್ರವನ್ನು ಅವರಿಗೆ ಓದಿ ಹೇಳಿ, ನಿಮ್ಮೂರ ಆಶಾಳನ್ನು ಜೊತೆಗೆ ಕರೆದು ಕೂರಿಸಿಕೊಳ್ಳಿ.

ಮಾನ್ಯರೆ, ತಮ್ಮ ಕಚೇರಿಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಮಾಸಿಕ ಸಭೆ ನಡೆಯುತ್ತದೆ. ಮುಂದಿನ ಸಭೆಯಲ್ಲಿ ಈ ವಿಷಯ ಇಡಿ. ತಾಯಿ ಕಾರ್ಡಿನ ಮೇಲೆ ಒತ್ತಲು ರಬ್ಬರ್ ಮೊಹರೊಂದನ್ನು ಮಾಡಿಸಿ, ಅದರಲ್ಲಿ ನಾಲ್ಕು ಸಾಲು ಸಾಕು: ಯಾವ ಕೈ, ಯಾವ ಬೆರಳುಗಳು, ಯಾವ ತಿಂಗಳಲ್ಲಿ ತೋರಿಸಬೇಕು, ಎಲ್ಲಿ. ಹೆರಿಗೆ ವಾರ್ಡಿನ ನರ್ಸುಗಳಿಗೂ ಆಶಾಗಳಿಗೂ ತರಬೇತಿ ಕೊಡಲು ಜನ ಬೇಕಾದರೆ ನಾನು ಬರುತ್ತೇನೆ, ಏಳೂ ತಾಲ್ಲೂಕಿಗೆ ಬರುತ್ತೇನೆ, ಬಸ್ಸಿನ ಖರ್ಚೂ ಕೇಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಶುರುಮಾಡಿದರೆ ಈ ವರ್ಷ ಹುಟ್ಟುವ ಮಕ್ಕಳಿಗೇ ಸಿಗುತ್ತದೆ. ತಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮಹಿಳಾ ಆರೋಗ್ಯ ಸಹಾಯಕಿ,
ಹೊಸನಗರ ತಾಲ್ಲೂಕು